ಕೆಮ್ಮಣ್ಣಿನ ತೊಗರಿ ಮತ್ತು ದೊಡ್ಡ ಪತ್ರಿಕೆ

ನನ್ನ ಮೊಮ್ಮಗಳ ನೌಕರಿ ಖಾಯಂ ಆಯಿತು! ಅದನ್ನೇ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ತಪ್ಪಿದ್ದರೆ ನಡೆಸಿಕೊಳ್ಳಿ.

ಜೇವರ್ಗಿ ಕಡೆಯ ಒಂದು ಕಾಲೇಜಿನಲ್ಲಿ ಅವಳು ಒಂಬತ್ತು ವರ್ಷ ತಾತ್ಕಾಲಿಕವಾಗಿ ಪಾಠ ಮಾಡಿದಳು. ತೊಗರಿ ಬೀಜಕ್ಕೆ ಹುಳ ಬೀಳದಂತೆ ನಾವು ಹೆಂಗಸರು ಕೆಮ್ಮಣ್ಣು ಹಚ್ಚಿ ಒಣಗಿಸಿಡುತ್ತೇವಲ್ಲ, ಅದನ್ನು ನನ್ನಿಂದಲೇ ಕೇಳಿ ಕನ್ನಡದ ಒಂದು ಮಾಸಪತ್ರಿಕೆಗೆ ಬರೆದಳು. ನಾನು ಅದನ್ನು ನಮ್ಮೂರು ಆಳಂದದಲ್ಲಿ ಮನೆಮನೆಗೆ ಒಯ್ದು ತೋರಿಸಿದೆ. ಖಾಯಂ ಮಾಡುವ ಸಮಿತಿಯವರು ಮಾತ್ರ ಪಕ್ಕಕ್ಕಿಟ್ಟರಂತೆ.

“ಯಾಕಬೇ, ಸುಳ್ಳ ಬರದೀಯೇನು?”

“ಖರೇನ ಅದ ಆಯಿ. ಪತ್ರಿಕಿ ಸಣ್ಣದು. ಹೊರದೇಶದ ದೊಡ್ಡ ಪತ್ರಿಕಿಯಾಗ ಬಂದ್ರಷ್ಟ ಲೆಕ್ಕಕ್ಕ ಹಿಡೀತಾರ.”

ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಒಬ್ಬ ಅಜ್ಜಿಯ ಮಾತು ಸಾಲದು, ಹತ್ತೂರ ಹೆಂಗಸರನ್ನು ಕೇಳಿ ಎಂದು ವಾಪಸು ಬಂತು. ಗುರುತಿಲ್ಲದ ಹುಡುಗಿಯ ಮುಂದೆ ಯಾರು ಬಾಯಿ ಬಿಡುತ್ತಾರೆ? ನಾನೂ ಹೊರಟೆ. ಕಿಣ್ಣಿ ಸುಲ್ತಾನ, ಚೌಡಾಪುರ, ಘತ್ತರಗಿ, ಬಿಸಿಲಿನಲ್ಲಿ ಬಸ್ಸು ಹತ್ತಿ ಇಳಿದು ಮೊಣಕಾಲು ಬಾತವು.

ಘತ್ತರಗಿಯಲ್ಲಿ ಒಬ್ಬಾಕೆ ನಕ್ಕೇಬಿಟ್ಟಳು. “ಯವ್ವಾ, ನಿನಗ ಗೊತ್ತಿದ್ದದ್ದ ನಮ್ಮ ಬಾಯಿಂದ ಕೇಳಾಕ ಇಷ್ಟ ದೂರ ಬಂದೀಯೇನು?”

“ನಾ ಒಬ್ಬಾಕೇ ಹೇಳಿದ್ರ ದೊಡ್ಡವರು ನಂಬಂಗಿಲ್ಲಂತ ತಂಗಿ. ನೀ ಮೊದಲ ಸಾಕ್ಷಿ ಹೇಳು, ಚಾ ಆಮ್ಯಾಲ.”

ಮತ್ತೆ ಕಳಿಸಿದಳು, ಮತ್ತೆ ತಿದ್ದಲು ಬಂತು. ಹೀಗೇ ಎರಡು ಸುಗ್ಗಿ ಕಳೆದವು. ಅವಳ ಕಣ್ಣ ಸುತ್ತ ಕಪ್ಪಾಯಿತು, ನನ್ನ ಜೊತೆ ಮಾತೂ ಕಡಿಮೆಯಾಯಿತು. ಕಡೆಗೆ ಅಚ್ಚಾಯಿತು. ಹೋದ ವಾರ ಸಮಿತಿ ಕೂತಿತು. ಮಧ್ಯಾಹ್ನ ಬಂದವಳೇ ಕಟ್ಟೆಯ ಮೇಲೆ ಕುಸಿದಳು.

“ಆತೇನಬೇ?”

“ಆತು ಆಯಿ.”

ಅವಳ ಮುಖಕ್ಕೆ ಎಷ್ಟು ಮುದ್ದು ಕೊಟ್ಟೆನೋ! ಉಸಿರು ತಿರುಗಿದ ಮೇಲೆ ಕೇಳಿದೆ, “ನಮ್ಮ ಕೆಮ್ಮಣ್ಣಿಗಿ ಏನಂದ್ರು?”

“ಯಾರೂ ಓದಲಿಲ್ಲ. ಪತ್ರಿಕಿ ಹೆಸರ ನೋಡಿ ಶಾಭಾಷ್ ಅಂದ್ರು. ಐದು ನಿಮಿಷದಾಗ ಮುಗೀತು.”

ಆ ಊರುಗಳ ಧೂಳೆಲ್ಲ ಆಗಲೇ ಮೈಮೇಲೆ ಬಂದು ಕೂತಂತಾಯಿತು ನನಗೆ.

“ಸಿಟ್ಟ ಬರಂಗಿಲ್ಲೇನ ಆಯಿ ನಿನಗ?”

“ಬರ್ತದವ್ವ, ಯಾಕ ಬರಂಗಿಲ್ಲ? ನಾಳಿ ಬರಲಿ. ಇವತ್ತ ನಿನ್ನ ಕಣ್ತುಂಬ ನೋಡ್ತೇನಿ, ಅಲ್ಲೇ ಕೂಡು.”