ಜಂಬಮ್ಮ ಉಳಿಸಿದ ಗಡ್ಡೆ

ಅಂಬಿಗರ ಜಂಬಮ್ಮನ ತೆಪ್ಪದಲ್ಲಿ ಬಿಡಾರಗಡ್ಡೆಗೆ ಹೋಗುವುದು ಸುಲಭ, ವಾಪಸು ಬರುವುದೇ ತ್ರಾಸು. ಮೈಲಾರದಿಂದ ಹೊಳೆಗುಂಟ ಕೆಳಗೆ ಬಂದರೆ ಅವಳ ಊರು. ಊರಿನ ಎದುರಿಗೆ, ತುಂಗಭದ್ರೆಯ ನಟ್ಟನಡುವೆ, ಮತ್ತಿಮರಗಳ ನೆರಳು ತುಂಬಿದ ಒಂದು ನಡುಗಡ್ಡೆ. ಹಿಂಗಾರಿ ಜೋಳ ಮನೆ ಸೇರಿ ಹೊಳೆ ಇಳಿಯಿತೆಂದರೆ ಎಲ್ಲ ಓಣಿಯವರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೊರಡುತ್ತಾರೆ. ಹಳೆ ಸೀರೆ, ತಾಡಪತ್ರಿ ಕಟ್ಟಿ ಬಿಡಾರ ಹೂಡಿ, ಎರಡು ದಿನ ಬಯಲಲ್ಲಿ ಉಂಡು, ಬಯಲಲ್ಲಿ ಮಲಗಿ ಬರುತ್ತಾರೆ. ಹಡಗಲಿ, ಕೊಟ್ಟೂರು, ಹರಪನಹಳ್ಳಿಯಲ್ಲಿ ನೌಕರಿ ಹಿಡಿದವರೂ ಆಗ ರಜೆ ಹಾಕಿ ಬಂದು ಸೇರಿಕೊಳ್ಳುತ್ತಾರೆ.

ಹೊರಡುವ ದಿನ ಮಾತ್ರ ಜಂಬಮ್ಮನದೇ ದರ್ಬಾರು. ಒಲೆಗೆ ಹೂಡಿದ ಮೂರು ಕಲ್ಲು ಹೊಳೆಗೆ ಉರುಳಬೇಕು. ಬೂದಿ ನೀರಿಗೆ ಹೋಗಬೇಕು. ಗೂಟ ಕಿತ್ತ ತೂತಿಗೆ ಮಣ್ಣು ತುಂಬಿ ತುಳಿಯಬೇಕು. ಇಷ್ಟನ್ನೂ ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದ ಮೇಲೇ ತೆಪ್ಪಕ್ಕೆ ಕಾಲಿಡಲು ಅಪ್ಪಣೆ.

"ಏ ಗಡ್ಡಿ ಪೊಲೀಸು, ಇಲ್ಲೊಂದು ಇದ್ದಲಿ ಚೂರು ತಪ್ಪಿಸಿಕೊಂಡೈತಿ, ಬಂದು ಹಿಡಕೊಂಡು ಹೋಗು" ಎಂದು ಹೆಂಗಸರು ಅವಳನ್ನು ಕಾಡುತ್ತಿದ್ದರು. ಅವಳು ನಿಜವಾಗಿಯೂ ಬಂದು ಆ ಇದ್ದಲನ್ನು ಎತ್ತಿ ಹೊಳೆಗೆ ಎಸೆಯುತ್ತಿದ್ದಳು. ಅವಳಪ್ಪ ಬೊಮ್ಮಯ್ಯ ಹಾಗೆ ಮಾಡುತ್ತಿದ್ದ, ಅವಳೂ ಮಾಡುತ್ತಿದ್ದಳು. ಯಾಕೆಂದು ಅಪ್ಪನನ್ನು ಕೇಳಿದವಳಲ್ಲ. ಚೊಕ್ಕತನಕ್ಕೆ ಇದ್ದೀತು ಅಂದುಕೊಂಡಿದ್ದಳು.

ಅವಳ ಜೀವದ ಗೆಳತಿ ಕೆಳಗೇರಿಯ ಪಕ್ಕೀರಮ್ಮ. ಪಕ್ಕೀರಮ್ಮನ ಮನೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕಕ್ಕೆ ಬುದ್ಧನ ಪಟ ಬಂದು ಬಹಳ ವರ್ಷವಾಯಿತು, ಮಗಳು ಕ್ರಾಂತಿ ಹಡಗಲಿಯಲ್ಲಿ ನರ್ಸು. ಆದರೂ ಊರೊಳಗೆ ಯಾರದೇ ಮನೆಯ ಕಟ್ಟೆ ಹತ್ತಿರ ಬಂದರೆ ಪಕ್ಕೀರಮ್ಮನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಗಡ್ಡೆಯಲ್ಲಿ ಆ ಕಾಲಿಗೆ ತಡೆಯೇ ಇರಲಿಲ್ಲ. ಅಲ್ಲಿ ಮೊದಲು ಇಳಿದವರು ಮನಸ್ಸು ಬಂದ ಕಡೆ ಒಲೆ ಹೂಡುತ್ತಿದ್ದರು, ಆಮೇಲೆ ಬಂದವರು ಅವರ ಪಕ್ಕಕ್ಕೆ. ಪಂಚಾಯ್ತಿ ಮೆಂಬರ್ ಮಂಜಣ್ಣನ ತಾಯಿ ಶಿವಬಸಮ್ಮ ಊರಲ್ಲಿ ಪಕ್ಕೀರಮ್ಮನ ಬೊಗಸೆಗೆ ಮೇಲಿಂದ ನೀರು ಹೊಯ್ಯುವವಳು; ಗಡ್ಡೆಯಲ್ಲಿ ಅವಳ ಒಲೆಯಿಂದಲೇ ಕೆಂಡ ಇಸಕೊಂಡು ಹೋಗುತ್ತಿದ್ದಳು, ಪುಂಡಿಪಲ್ಯ ಚೆನ್ನಾಗಿದ್ದರೆ ಅದನ್ನೂ. ಪಕ್ಕೀರಮ್ಮ ಆ ಎರಡು ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದಳು, ಅವಳ ಮುಖದಲ್ಲಿ ಆ ನಗು ನೋಡಲು ಜಂಬಮ್ಮ ಕಾಯುತ್ತಿದ್ದಳು.

ಅಂಥ ಗಡ್ಡೆಯ ಮೇಲೆ ಹೊರಗಿನವರ ಕಣ್ಣು ಬಿದ್ದದ್ದು ಒಂದು ಮಧ್ಯಾಹ್ನ. ದಂಡೆಗೆ ಜೀಪು ಬಂದು ನಿಂತಿತು. ಇಳಿದವರಲ್ಲಿ ಒಬ್ಬ ತಾಲೂಕು ಆಫೀಸಿನ ಸಾಹೇಬ, ಇನ್ನೊಬ್ಬ ಕಪ್ಪು ಕನ್ನಡಕದವನು. ಜಂಬಮ್ಮ ಅವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋದಳು. ಕನ್ನಡಕದವನು ಗಡ್ಡೆಯ ತುಂಬ ಅಡ್ಡಾಡಿದ, ಮರಗಳನ್ನು ತಟ್ಟಿದ, ಯಾರೊಂದಿಗೂ ಮಾತಾಡದೆ ಒಬ್ಬನೇ ನಕ್ಕ. ಆ ನಗು ಜಂಬಮ್ಮನಿಗೆ ಯಾಕೋ ಸರಿಬರಲಿಲ್ಲ. ಆದರೆ ಸಾಹೇಬರು ಬಲು ಮರ್ಯಾದೆಯಿಂದ ಮಾತಾಡಿಸಿದರು.

"ಇಲ್ಲಿ ಯಾರಾದರೂ ಇರ್ತಾರೇನಮ್ಮ? ಬಂದು ಹೋದ ಗುರುತು ಏನಾದರೂ ಇದೆಯಾ?"

ಜಂಬಮ್ಮ ಉಬ್ಬಿಹೋದಳು. ತಾನು ಕಾಪಾಡಿಕೊಂಡು ಬಂದ ಚೊಕ್ಕತನವನ್ನು ಇಷ್ಟು ದೊಡ್ಡ ಮನುಷ್ಯರು ಕೇಳುತ್ತಿದ್ದಾರೆ! "ಗುರುತಾ? ಒಂದು ಒಲಿಗಲ್ಲು ತೋರಿಸ್ರಿ ನೋಡಾಣ! ಒಂದು ಹಿಡಿ ಬೂದಿ ಸಿಕ್ರೂ ನನ್ನ ಕೇಳ್ರಿ! ಇಲ್ಲಿ ಏನಂದ್ರ ಏನೂ ಇಲ್ರೀ ಸಾಹೇಬ್ರ." ಕನ್ನಡಕದವನು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡ. ಇಳಿಯುವಾಗ ಕೈಮುಗಿದು ಹೋದ.

ಆಮೇಲೆ ಮತ್ತಿಮರಗಳಿಗೆ ಒಂದೊಂದಾಗಿ ಕೆಂಪು ಪಟ್ಟಿ ಬಂದವು. ಯಾರು ಕಟ್ಟಿದರೆಂದು ಯಾರೂ ನೋಡಲಿಲ್ಲ. ಹದ್ದು ಹಾರುವ ಎತ್ತರದಲ್ಲಿ ಒಂದು ಡ್ರೋನು ಗುಂಯ್ಗುಡುತ್ತ ಸುತ್ತಿತು. ಬಟ್ಟೆ ಒಗೆಯುವ ಹೆಂಗಸರು ಸೆರಗು ಸರಿಮಾಡಿಕೊಂಡು ಮೇಲೆ ನೋಡಿದರು. ದಂಡೆಯ ಮೇಲೆ ಕಬ್ಬಿಣದ ಕಂಬಗಳ ರಾಶಿ ಬಿತ್ತು. ಗಡ್ಡೆಯಲ್ಲಿ ರೆಸಾರ್ಟ್ ಬರುತ್ತದಂತೆ, ಗಾಜಿನ ಮನೆಗಳಂತೆ, ಸುತ್ತ ಹೊಳೆಯೇ ಹರಿಯುತ್ತಿದ್ದರೂ ನಡುವೆ ಒಂದು ಈಜುಕೊಳವಂತೆ. ಈಜುಕೊಳದ ಸುದ್ದಿಗೆ ಊರು ನಕ್ಕಿತು. ಬೇಲಿಯ ಸುದ್ದಿ ಬಂದ ಮೇಲೆ ಯಾರೂ ನಗಲಿಲ್ಲ.

ಮಂಜಣ್ಣ ಊರವರನ್ನು ಕಟ್ಟಿಕೊಂಡು ಸಾಹೇಬರ ಆಫೀಸಿಗೆ ಹೋದ. ಸಾಹೇಬರು ಸಿಟ್ಟಾಗಲಿಲ್ಲ. ಮೊಬೈಲು ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ಅದರೊಳಗಿನಿಂದ ಜಂಬಮ್ಮನ ದನಿ ಗಟ್ಟಿಯಾಗಿ ಬಂತು: ಇಲ್ಲಿ ಏನಂದ್ರ ಏನೂ ಇಲ್ರೀ. ಬಂದವರೆಲ್ಲ ತಿರುಗಿ ಅವಳ ಮುಖ ನೋಡಿದರು.

"ನೀವು ಹೋಗ್ತೀರಿ, ಇರ್ತೀರಿ ಅಂದರೆ ನಾನು ಹೇಗೆ ನಂಬಲಿ?" ಎಂದರು ಸಾಹೇಬರು. "ಬೇಸಿಗೆಯಲ್ಲಿ ಇನ್ನೊಮ್ಮೆ ಸ್ಥಳಕ್ಕೆ ಬರ್ತೀನಿ. ಬಳಕೆಯ ಗುರುತು ಕಂಡರೆ ಬೇರೆ ಮಾತು."

ಊರಿಗೆ ಬರುವ ದಾರಿಯಲ್ಲಿ ಟೆಂಪೋದೊಳಗೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಪಕ್ಕೀರಮ್ಮ ಒಬ್ಬಳೇ ಅವಳ ಕೈ ಹಿಡಿದುಕೊಂಡು ಕೂತಿದ್ದಳು. "ಗಡ್ಡಿ ಹೋದ್ರ ನನಗ ಮತ್ತೆಲ್ಲೈತಿ ಜಾಗ ಜಂಬಕ್ಕ?" ಎಂದು ಮೆಲ್ಲಗೆ ಕೇಳಿದಳು. ಆ ಮಾತು ಜಂಬಮ್ಮನ ಎದೆಗೆ ನಾಟಿತು. ಬಾಯಿಂದ ಕಳೆದದ್ದನ್ನು ಕೈಯಿಂದಲಾದರೂ ಉಳಿಸುತ್ತೇನೆ ಎಂದು ಅಲ್ಲೇ ಹಟ ತೊಟ್ಟಳು.

ಹಾಗಾಗಿ ಆ ವರ್ಷ ಬಿಡಾರಕ್ಕೆ ಹೊರಟವರಿಗೆ ಜಂಬಮ್ಮ ಎಂದೂ ಆಡದ ಮಾತು ಆಡಿದಳು. "ಈ ಸಲ ಯಾರೂ ಒಲಿ ಕೀಳಬ್ಯಾಡ್ರಿ. ಗಟ್ಟಿಯಾಗಿ ನೆಟ್ಟು ಬರ್ರಿ."

ಜನ ಹುರುಪಿನಿಂದ ನೆಟ್ಟರು. ಮಂಜಣ್ಣ ಸಿಮೆಂಟು ತಂದ, ಕೆಂಪು ಬಣ್ಣ ತಂದ. ಯಾವ ಒಲೆ ಯಾವ ಮನೆತನದ್ದು ಎಂದು ಕಲ್ಲಿನ ಮೇಲೆ ಬರೆಸಿದ. ಸಾಹೇಬರಿಗೆ ಚೆನ್ನಾಗಿ ಕಾಣಲಿ ಎಂದ. ಉಳಿದು ಹೋಗುವ ಒಲೆ ಅಂದ ಮೇಲೆ ಒಳ್ಳೆಯ ಜಾಗವೇ ಬೇಕಲ್ಲ, ಮೇಲಿನ ಓಣಿಯವರು ನೆರಳಿರುವ ಎತ್ತರಕ್ಕೆ ನಡೆದರು. ಜಂಬಮ್ಮನಿಗೂ ಅಲ್ಲೇ ಒಂದು ಜಾಗ ಕೊಟ್ಟರು, ಉಪಾಯ ಅವಳದೇ ಅಲ್ಲವೇ. ಕೆಳಗೇರಿಯವರು ಬರುವ ಹೊತ್ತಿಗೆ ಗಡ್ಡೆಯ ಬಾಲದಲ್ಲಿ, ಎಲ್ಲರ ಮುಸುರೆ ನೀರು ಹರಿದು ಬಂದು ನಿಲ್ಲುವ ಕಡೆ ಮಾತ್ರ ಜಾಗ ಉಳಿದಿತ್ತು; ಅವರ ಒಲೆ, ಅವರ ಹೆಸರು ಅಲ್ಲೇ ಬಿದ್ದವು. ಜಂಬಮ್ಮ ಅದನ್ನು ನೋಡಿದಳು. ಏನೋ ಚುಚ್ಚಿತು ಕೂಡ. ಆದರೆ ದಂಡೆಯ ಮೇಲಿನ ಕಬ್ಬಿಣದ ಕಂಬಗಳೇ ಕಣ್ಣಿಗೆ ಕಟ್ಟಿದ್ದವು. ಮೊದಲು ಗಡ್ಡೆ ಉಳಿಯಲಿ, ಉಳಿದದ್ದು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡಳು.

ಸಾಹೇಬರು ಬಂದರು, ಒಲೆಗಳ ಫೋಟೋ ತೆಗೆಸಿದರು, ತಲೆಯಾಡಿಸಿ ಹೋದರು. ಮಳೆಗಾಲ ಶುರುವಾಗುವ ಮೊದಲೇ ರೆಸಾರ್ಟಿನವರು ಕಂಬಗಳನ್ನು ಲಾರಿಗೆ ಹೇರಿಕೊಂಡು ಹೊರಟುಹೋದರು. ಊರಲ್ಲಿ ಪಟಾಕಿ ಹೊಡೆದರು, ಪಂಚಾಯ್ತಿ ಮುಂದೆ ಜಂಬಮ್ಮನಿಗೆ ಶಾಲು ಹೊದಿಸಿದರು. ಪಕ್ಕೀರಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮರುವರ್ಷ ಹೊಳೆ ಇಳಿಯಿತು. ಮೊದಲ ತೆಪ್ಪಕ್ಕೆ ಶಿವಬಸಮ್ಮನ ಮನೆಯವರು ಹತ್ತಿದರು. "ಜಂಬವ್ವಾ, ನಮ್ಮ ಒಲಿ ಹತ್ತಿರಾನ ಇಳಿಸು" ಎಂದಳು ಮುದುಕಿ. ಎರಡನೆಯ ತೆಪ್ಪದವರೂ ಅದನ್ನೇ ಹೇಳಿದರು. ಗಡ್ಡೆಯಲ್ಲಿ ನೋಡಿದರೆ ಮೊದಲು ಇಳಿದವರು ಆಗಲೇ ಒಲೆಯ ಸುತ್ತ ಕಲ್ಲು ಪೇರಿಸಿ ಕಟ್ಟೆ ಮಾಡಿಕೊಂಡಿದ್ದರು, ಒಬ್ಬರು ಮುಳ್ಳುಬೇಲಿ ಬಡಿದಿದ್ದರು.

ಹೆಸರು ಬರೆದದ್ದು ಸಾಹೇಬರಿಗೆ ತೋರಿಸಲಿಕ್ಕಷ್ಟೇ ಅಂದುಕೊಂಡಿದ್ದ ಪಕ್ಕೀರಮ್ಮ ಬಂದವಳೇ ಎಂದಿನಂತೆ ಜಂಬಮ್ಮನ ಪಕ್ಕದ ಮರದ ಕೆಳಗೆ ಗಡಿಗೆ ಇಳಿಸಿ, ಮೂರು ಕಲ್ಲು ಆರಿಸತೊಡಗಿದಳು. ಶಿವಬಸಮ್ಮ ತನ್ನ ಕಟ್ಟೆಯ ಮೇಲಿಂದ ಕರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಣ್ಣ ಹುಡುಗಿಗೆ ದಾರಿ ತೋರಿಸುವ ಅಕ್ಕರೆಯಿತ್ತು.

"ಪಕ್ಕೀರವ್ವಾ, ನಿಮ್ಮದು ಕೆಳಗೈತಲ್ಲ ಬೇ. ಹೆಸರು ಬರದಾರ, ನೋಡು ಹೋಗು."

ಸುತ್ತಲಿನ ಯಾರೂ ತಲೆ ಎತ್ತಲಿಲ್ಲ. ಪಕ್ಕೀರಮ್ಮ ಹಿಡಿದಿದ್ದ ಕಲ್ಲನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಊರ ಕಟ್ಟೆಗಳ ಮುಂದೆ ನಿಲ್ಲುವ ಹಾಗೆ ನಿಂತಳು. ಜಂಬಮ್ಮನಿಗೆ ನೋಡಲಾಗಲಿಲ್ಲ. ಓಡಿಹೋಗಿ ಅವಳ ರಟ್ಟೆ ಹಿಡಿದಳು.

"ನೀ ಎಲ್ಲಿಗೂ ಹೋಗಬ್ಯಾಡ. ಬಾರೇ, ನನ್ನ ಒಲಿ ಮ್ಯಾಲ ಇಡು ಗಡಿಗಿ."

ಪಕ್ಕೀರಮ್ಮ ಅವಳ ಮುಖವನ್ನೇ ನೋಡಿದಳು. ಕೊಂಕಿನಿಂದ ಅಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದಳು. "ನಿನ್ನ ಒಲಿ ಅಂತ ಯಾವತ್ತಾತು ಜಂಬಕ್ಕ?"

ಅಪ್ಪ ಕಲ್ಲು ಉರುಳಿಸುತ್ತಿದ್ದುದು ಚೊಕ್ಕತನಕ್ಕಲ್ಲ ಎಂದು ಜಂಬಮ್ಮನಿಗೆ ಹೊಳೆದದ್ದು ಆಗ. ಅವಳು ತನ್ನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಲ್ಲನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅದು ಮಿಸುಕಲಿಲ್ಲ. ಮತ್ತೆ ಎಳೆದಳು. ಉಗುರು ಕಿತ್ತು ರಕ್ತ ಬಂತು. "ಏ ಜಂಬಕ್ಕಾ, ತಲಿಗಿಲಿ ಕೆಟ್ಟೈತೇನು? ಮತ್ತ ರೆಸಾರ್ಟಿನವರು ಬಂದ್ರ ಏನು ತೋರಸ್ತಿ?" ಎಂದು ಮಂಜಣ್ಣ ಕೂಗಿದ. ಅವನ ಮಾತು ಸುಳ್ಳಾಗಿರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಬಿಡು ಜಂಬಕ್ಕ, ಕೈ ನೋಯ್ತಾವ" ಎಂದಳು ಪಕ್ಕೀರಮ್ಮ. "ನನ್ನ ಆಕಡಿ ದಂಡಿಗೆ ಬಿಟ್ಟು ಬಾ."

ಜಂಬಮ್ಮ ಬಿಟ್ಟು ಬಂದಳು. ನಡುಹೊಳೆಯಲ್ಲಿ ಪಕ್ಕೀರಮ್ಮ ಬೇಯದ ಅಕ್ಕಿಯ ಗಡಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡು, ಗಡ್ಡೆಗೆ ಬೆನ್ನು ಹಾಕಿ ಕೂತಿದ್ದಳು.