ವರ್ಷಕ್ಕೊಂದೇ ಚಾಟ್ನಿ

ಗೆಳೆಯರೇ, ಯಾರೂ ಕೇಳಿರದ ಇಟಲಿಯ ಸಿನಿಮಾ ನೋಡಿ ಎಂದು ಸಿಕ್ಕವರಿಗೆಲ್ಲ ದುಂಬಾಲು ಬೀಳುವ ನನ್ನ ಚಟಕ್ಕೆ ಇವತ್ತು ಐಗಳಿಯಲ್ಲಿ ತಕ್ಕ ಶಾಸ್ತಿಯಾಯಿತು. ಮಧ್ಯಾಹ್ನ ಸೋದರಮಾವನ ಪಡಸಾಲೆಯಲ್ಲಿ ಬಾಡಿಗೆ ವಿಸಿಆರ್ ಹಚ್ಚಿ, ಆ ದೇಶದ ದ್ರಾಕ್ಷಿ ಬೆಳೆಗಾರನೊಬ್ಬನ ಕಥೆ ತೋರಿಸಿದೆ. ಕೂತವರೆಲ್ಲ ದ್ರಾಕ್ಷಿ ಬೆಳೆಯುವವರೇ. ಮಾತುಗಳನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ.

ಚಳಿಗಾಲದಲ್ಲಿ ನಾಯಕ ಬಳ್ಳಿಗಳನ್ನು ಕತ್ತರಿಸಿದ; ಐಗಳಿಯವರು ಇದಕ್ಕೆ ಚಾಟ್ನಿ ಎನ್ನುತ್ತಾರೆ, ವರ್ಷಕ್ಕೆ ಎರಡು ಸಲ ಮಾಡುತ್ತಾರೆ. ವರ್ಷ ಕಳೆಯುವುದರೊಳಗೆ ಹೆಂಡತಿ ಮನೆ ಬಿಟ್ಟು ಹೋದಳು. ಅವನು ತೋಟದಲ್ಲಿ ಕೂತು ಅಳತೊಡಗಿದ.

"ಒಂದ ಚಾಟ್ನಿ ಮಾಡ್ಯಾನ," ಎಂದ ಮಾವ. "ಅಕ್ಟೋಬರದಾಗ ಇನ್ನೊಮ್ಮೆ ಬಳ್ಳಿ ಕತ್ತರಸ್ಲಿಲ್ಲಂದ್ರ ಹಣ್ಣ ಎಲ್ಲಿಂದ ಬರಬೇಕು? ಇಂಥಾ ಮೈಗಳ್ಳನ ಕೂಡ ಯಾಕಿ ಬಾಳೇವು ಮಾಡ್ತಾಳ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಕ್ಯಾಸೆಟ್ ನಿಲ್ಲಿಸಿದೆ.

"ಮಾಮಾ, ಅಲ್ಲಿ ಹಿಮ ಬೀಳ್ತೈತಿ. ವರ್ಷಕ್ಕ ಒಂದ ಚಾಟ್ನಿ ಸಾಕು."

ಇನ್ನಾದರೂ ನಾಯಕನ ಮೇಲೆ ಕನಿಕರ ಹುಟ್ಟೀತೆಂದು ಕಾದೆ.

"ಒಂದ ಸಾಕಾ?" ಮಾವ ಟಿವಿಯತ್ತ ಬೆರಳು ಮಾಡಿದ. "ಮತ್ತ ಯಾಕ ಅಳಾಕತ್ತಾನ ಈ ಮಗಾ?"

ಇನ್ನು ಮೇಲೆ ನಾನು ಮೀನುಗಾರರ ಸಿನಿಮಾಗಳನ್ನಷ್ಟೇ ಶಿಫಾರಸು ಮಾಡುವವನು. ಐಗಳಿಗೆ ಸಮುದ್ರವಿಲ್ಲ.