ನನಗೆ ವಕೀಲರನ್ನು ಆರಿಸಿಕೊಟ್ಟ ಓನರಮ್ಮ

ನಮ್ಮ ಓನರಮ್ಮನ ಹಣೆಯ ಮೇಲೆ, ವಿಭೂತಿ ಹಚ್ಚುವ ಜಾಗಕ್ಕಿಂತ ಒಂದು ಬೆರಳು ಮೇಲೆ, ಹುಣಸೆಬೀಜದಷ್ಟು ದಪ್ಪನೆಯ ಕಪ್ಪು ಗಂಟೊಂದಿತ್ತು. ಅವರದು ಆರಡಿಗೆ ಹತ್ತಿರದ ಎತ್ತರ. ಗಂಡ ಕುಳ್ಳಗಿದ್ದರಂತೆ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬರುವವರಿಗಾಗಿ ರಾಗಿ ಹೊಲದ ಅಂಚಿನಲ್ಲಿ ಹನ್ನೆರಡು ಬಾಡಿಗೆ ಕೋಣೆ ಕಟ್ಟಿಸುವಾಗ ಬಾಗಿಲುಗಳನ್ನೆಲ್ಲ ತಮ್ಮ ಅಳತೆಗೇ ಇಡಿಸಿದ್ದರು. ಅವರು ತೀರಿಕೊಂಡು ವರ್ಷಗಳಾದ ಮೇಲೂ ಓನರಮ್ಮ ಆ ಬಾಗಿಲುಗಳಿಗೆ ಹಣೆ ಬಡಿಸಿಕೊಳ್ಳುತ್ತಲೇ ಇದ್ದರು. ಬಡಿದಾಗೆಲ್ಲ ಮೇಲೆ ನೋಡಿ, "ನಿಂದಿನ್ನೂ ಮುಗೀಲಿಲ್ವಾ?" ಎಂದು ಗಂಡನನ್ನು ಗದರುತ್ತಿದ್ದರು.

ನಾನು ಗದಗ ಕಡೆಯವಳು. ಬಿ.ಕಾಂ. ಮುಗಿಸಿ ಒಂದು ಔಷಧ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಆ ಸಾಲಿನಲ್ಲಿ ಏಳನೆಯ ಕೋಣೆ ನನ್ನದು. ನೀರಿನ ವಿಷಯದಲ್ಲಿ ಓನರಮ್ಮ ಬಹಳ ಬಿಗಿ. ಬೆಳಿಗ್ಗೆ ಆರಕ್ಕೆ ಮೋಟರು ಹಾಕಿದರೆ ಆರೂವರೆಗೆ ಬಂದ್. ಕೊಡ ಅರ್ಧ ತುಂಬಿದ್ದರೂ ಅಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ಕಾಗದ ಯಾವುದೇ ಇರಲಿ, ಕನ್ನಡಕ ಹಾಕಿಕೊಂಡು ಒಂದೊಂದಕ್ಷರ ಕೂಡಿಸಿ ಪೂರ್ತಿ ಓದದೆ ರುಜು ಹಾಕುತ್ತಿರಲಿಲ್ಲ. ಕೊರಿಯರ್ ತಂದವನು ಗೇಟಿನಲ್ಲಿ ನಿಂತು ಬೇಸತ್ತುಹೋಗುತ್ತಿದ್ದ.

ಅದಕ್ಕೆ ಕಾರಣವಿತ್ತು. ಗಂಡನ ದಾಯಾದಿಗಳ ಮೇಲೆ ಜಮೀನಿಗಾಗಿ ಹನ್ನೊಂದು ವರ್ಷ ಕೋರ್ಟು ಅಲೆದವರು ಅವರು. ಅಷ್ಟರಲ್ಲಿ ನಾಲ್ವರು ವಕೀಲರನ್ನು ಕಂಡಿದ್ದರು. "ಮೊದಲ್ನೇವ್ನು ಆ ಕಡೆಯೋರ್ ಜೊತೆ ಸೇರ್ಕೊಂಡ. ಎರಡ್ನೇವ್ನು ಬರೀ ತಾರೀಕು ತಂದ. ಮೂರ್ನೇವ್ರು ಒಳ್ಳೇವ್ರು, ಸತ್ತೋದ್ರು. ನಾಕ್ನೇವ್ರು ಗೆಲ್ಸಿದ್ರು" ಎಂದು ಬಟ್ಟೆ ಒಣಹಾಕುತ್ತ ಹೇಳುತ್ತಿದ್ದರು. ಆಗ ನನಗದು ಕಾಲಕ್ಷೇಪದ ಮಾತಾಗಿತ್ತು.

ನಮ್ಮ ಕಾರ್ಖಾನೆಯಲ್ಲಿ ಒಂದು ಕೆಮಿಕಲ್ ಬಳಸುತ್ತಿದ್ದೆವು. ಔಷಧಕ್ಕೂ ಬೇಕು, ಕಳ್ಳದಾರಿಯಲ್ಲಿ ಮಾದಕವಸ್ತು ಮಾಡುವವರಿಗೂ ಬೇಕು. ಹಾಗಾಗಿ ಅದರ ಪ್ರತಿ ಡ್ರಮ್ಮಿನ ವಿವರ ಕೇಂದ್ರ ಸರ್ಕಾರದ ಇಲಾಖೆಗೆ ಹೋಗಬೇಕು. ಆ ರಿಜಿಸ್ಟರು ನನ್ನ ಕೈಯಲ್ಲಿತ್ತು. ಒಂದು ದಿನ ಕೇಂದ್ರದ ಅಧಿಕಾರಿಗಳು ಬಂದು ಡ್ರಮ್ಮುಗಳನ್ನು ಎಣಿಸಿದರು. ಇಲಾಖೆಗೆ ಕಳಿಸಿದ ಲೆಕ್ಕಕ್ಕಿಂತ ಎರಡು ಕಡಿಮೆ. ಅವು ಏಳು ತಿಂಗಳ ಹಿಂದೆಯೇ ಹೊರಗೆ ಹೋಗಿದ್ದವು. ರಿಜಿಸ್ಟರಿನಲ್ಲಿ ಅವು ಹೊರಗೆ ಹೋದ ಸಾಲಿನೆದುರು ನನ್ನ ಹೆಸರಿನ ಸಹಿ ಇತ್ತು. ರಿಜಿಸ್ಟರನ್ನು ಜಪ್ತಿ ಮಾಡಿ, ಎಂಟು ದಿನಗಳೊಳಗೆ ವಿಚಾರಣೆಗೆ ಬರಬೇಕೆಂದು ನೋಟೀಸು ಕೊಟ್ಟು ಹೋದರು. ಹತ್ತು ವರ್ಷದವರೆಗೂ ಶಿಕ್ಷೆಯಾಗಬಹುದು ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದರು.

ಮ್ಯಾನೇಜರು ಮಾತ್ರ ತುಂಬ ಮೆತ್ತಗೆ ಮಾತಾಡಿದರು. "ಭಯ ಬೀಳ್ಬೇಡಮ್ಮ. ಕಂಪನಿ ಲಾಯರೇ ನಿನ್ನ ಕೇಸೂ ನೋಡ್ಕೋತಾರೆ. ಅವ್ರು ತೋರಿಸಿದ ಕಡೆ ಸೈನ್ ಮಾಡು, ಸಾಕು."

ಆ ಸಂಜೆ ಗೇಟು ತೆಗೆಯುವಾಗ ನನ್ನ ಮುಖ ನೋಡಿ ಓನರಮ್ಮ ಕೈ ಹಿಡಿದು ಕೂರಿಸಿಕೊಂಡರು. ಎಲ್ಲ ಹೇಳಿದೆ. ಕಂಪನಿ ಲಾಯರ ಅದಾರಲ್ರೀ ಅಮ್ಮಾರ, ಅಷ್ಟರ ಮಟ್ಟಿಗೆ ದೇವರ ದೊಡ್ಡಾಂವ ಅಂತಲೂ ಅಂದೆ.

ಅವರು ನೋಟೀಸನ್ನು ಪೂರ್ತಿ ಓದಿ ಮುಗಿಸಿ ಕನ್ನಡಕ ತೆಗೆದರು. "ಡ್ರಮ್ಮು ಯಾರ್ದು?"

"ಕಂಪನೀದು."

"ತಪ್ಪು ಯಾರ್ ತಲೆ ಮೇಲೆ ಆಕಣ ಅಂತ ನೋಡ್ತಿರೋರು ಯಾರು?"

ಅವರು ನೋಟೀಸು ಮಡಿಸಿ ನನ್ನ ಕೈಗಿಟ್ಟರು.

"ಆ ಲಾಯರ್ಗೆ ಸಂಬಳ ಕೊಡೋರು ಯಾರು? ಯೋಚ್ನೆ ಮಾಡಮ್ಮ. ನೀನು ಬಚಾವಾದ್ರೆ ಕಂಪ್ನಿ ಸಿಕ್ಕಾಕೊಳ್ತದೆ. ಅವನು ನಿನ್ ಕಡೆ ಎಂಗೆ ಮಾತಾಡ್ತಾನೆ? ನಿಂಗೆ ನಿಂದೇ ಲಾಯರು ಬೇಕು. ನಿಂದು ಅಂದ್ರೆ ನಿಂದು ಒಬ್ಬಳ್ದೇ."

ಮರುದಿನವೇ ರಜೆ ಹಾಕಿಸಿದರು. ಪಕ್ಕದ ಕೋಣೆಯವರು ಹೇಳಿದ ಮಹದೇವಪುರದ ವಕೀಲರಲ್ಲಿಗೆ ಮೊದಲು ಹೋದೆವು. ಗಾಜಿನ ಬಾಗಿಲಿನ ಆಫೀಸು, ತಣ್ಣನೆಯ ಎ.ಸಿ. ನೋಟೀಸನ್ನು ಅರ್ಧ ನೋಡಿ ಮೇಜಿನ ಮೇಲಿಟ್ಟ ಅವರು, "ಅಲ್ಲಿ ನಮ್ಮೋರೇ ಇದಾರೆ ಮೇಡಂ. ಒಂದು ಫೋನಲ್ಲಿ ಮುಗಿಸ್ಬಿಡ್ತೀನಿ, ಗ್ಯಾರಂಟಿ" ಅಂದರು. ನನ್ನ ಜೀವಕ್ಕೆ ತಂಪಾಯಿತು. ಓನರಮ್ಮ ಎದ್ದು ನಿಂತರು. ಹೊರಗೆ ಬಂದು ಬಸ್ಸು ಕಾಯುವಾಗ, "ಕಾಗ್ದ ಓದ್ದೇ ಗ್ಯಾರಂಟಿ ಕೊಡೋನು ನಿನ್ ಕೇಸ್ ನಡೆಸಲ್ಲ, ನಿನ್ನೇ ನಡೆಸ್ತಾನೆ" ಎಂದರು.

ಮುಂದಿನ ಎರಡು ದಿನ ನಾವು ಯಾವ ವಕೀಲರ ಆಫೀಸಿಗೂ ಹೋಗಲಿಲ್ಲ. ನಗರದ ಕೋರ್ಟಿಗೆ ಹೋಗಿ, ಇಂಥ ಕೇಸುಗಳು ನಡೆಯುವ ಕೋರ್ಟ್ ಹಾಲ್ ಯಾವುದೆಂದು ವಿಚಾರಿಸಿ, ಹಿಂದಿನ ಬೆಂಚಿನಲ್ಲಿ ಕುಳಿತೆವು. ಸುಮ್ಮನೆ ನೋಡುವುದು, ಅಷ್ಟೇ. "ಯಾರು ಜೋರಾಗಿ ಕೂಗ್ತಾರೆ ಅಂತ ನೋಡ್ಬೇಡ. ಯಾರು ಎದ್ದಾಗ ಜಡ್ಜು ಪೆನ್ನು ಕೈಗೆ ತಕ್ಕೋತಾರೆ, ಅದು ನೋಡು" ಎಂದು ಕಿವಿಯಲ್ಲಿ ಹೇಳಿಕೊಟ್ಟರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗೂ ಕಂಡಿತು. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಮೆತ್ತನೆಯ ದನಿ, ಕೈಯಲ್ಲಿ ತೆಳುವಾದ ಫೈಲು. ಅವರು ಎದ್ದಾಗೆಲ್ಲ ಜಡ್ಜು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಓನರಮ್ಮ ಕಾರಿಡಾರಿನಲ್ಲಿ ಅವರ ಹಿಂದೆಯೇ ಹೋಗಿ, "ಅಮ್ಮಾ, ನಮ್ಮುಡುಗೀದೊಂದು ಕೇಸೈತೆ" ಎಂದರು. ಸಂಜೆ ಅವರ ಆಫೀಸಿಗೆ ಹೋದೆವು. ಬರೀ ಫೈಲು ತುಂಬಿದ ಒಂದೇ ಕೋಣೆ. ವಕೀಲರು ನೋಟೀಸನ್ನು ಎರಡು ಸಲ ಓದಿದರು. ಗೆಲ್ಲುತ್ತೇವಾ ಎಂದು ನಾನು ಕೇಳಿದೆ. "ಗೊತ್ತಿಲ್ಲ. ಕಾಗದಗಳನ್ನೆಲ್ಲ ಓದದೆ ಹೇಳೋಕಾಗಲ್ಲ. ಅರೆಸ್ಟ್ ಆದ್ರೂ ಆಗಬಹುದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು. ಫೀಸನ್ನೂ ಬಿಡಿಸಿ ಹೇಳಿದರು. ಆಮೇಲೆ ಓನರಮ್ಮನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ಳಿ. ನಾನು ಇವರ ಹತ್ರ ಒಬ್ಬರೇ ಇದ್ದಾಗ ಮಾತಾಡ್ಬೇಕು" ಅಂದರು.

ಓನರಮ್ಮನನ್ನು ಹೊರಗೆ ಕಳಿಸಿದವರನ್ನು ನಾನು ಅದುವರೆಗೂ ಕಂಡಿರಲಿಲ್ಲ. ಓನರಮ್ಮ ಎದ್ದು ಹೊರಗೆ ಹೋದರು. ಅರ್ಧ ಗಂಟೆಯ ಮೇಲೆ ನಾನು ಬಂದಾಗ ಮೆಟ್ಟಿಲ ಮೇಲೆ ಕುಳಿತು ಮುಖದ ತುಂಬ ನಗುತ್ತಿದ್ದರು.

"ನನ್ನೇ ಆಚೆಗ್ ಕಳಿಸ್ಬಿಟ್ಲು ಕಣಮ್ಮ! ನಾನ್ಯಾರು ಅಂತ ಕೇಳ್ಲಿಲ್ಲ, ದುಡ್ಡು ಕೊಡೋಳು ನಾನಾ ಅಂತ ನೋಡ್ಲಿಲ್ಲ. ಇವ್ಳು ನಿನ್ ಲಾಯರು. ವಕಾಲತ್ತಿಗೆ ರುಜು ಆಕು. ಓದಿ ಆಕು."

ವಕೀಲರು ಹೇಳಿದಂತೆಯೇ ಆಯಿತು. ವಿಚಾರಣೆಗೆ ಹೋದೆ. ಅಧಿಕಾರಿಗಳು ನನಗೆ ಗೊತ್ತಿರದ ಭಾಷೆಯಲ್ಲಿ ಬರೆದ ಹೇಳಿಕೆಗೆ ಸಹಿ ಹಾಕುವುದಿಲ್ಲ ಎಂದೆ. ಎರಡು ದಿನದ ಮೇಲೆ ನನ್ನನ್ನು ಬಂಧಿಸಿದರು. ಜೈಲಿನಲ್ಲಿ ಇಪ್ಪತ್ಮೂರು ದಿನ ಇದ್ದೆ. ಊರಿನಲ್ಲಿದ್ದ ಅಣ್ಣನಿಗೆ ತಿಳಿಸಬ್ಯಾಡ್ರಿ ಎಂದು ಓನರಮ್ಮನ ಹತ್ತಿರ ಅಂಗಲಾಚಿದ್ದೆ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ನನ್ನನ್ನು ಓದಿಸಿದವನು ಅವನು. ಅವನು ಫೋನು ಮಾಡಿದಾಗಲೆಲ್ಲ ಓನರಮ್ಮ, "ಟ್ರೈನಿಂಗ್ಗೆ ಓಗವ್ಳೆ, ಅಲ್ಲಿ ಫೋನು ಬಿಡಕಿಲ್ಲ" ಎಂದು ಹೇಳುತ್ತ ಬಂದರು. ಭೇಟಿಯ ದಿನ ಬಂದು ಕಂಬಿಯಾಚೆ ನಿಂತು, "ಸುಳ್ಳು ಯೋಳೋದು ನಂಗೆ ಅಭ್ಯಾಸಿಲ್ಲ, ಬಿರ್‍ರನೆ ಆಚೆಗ್ ಬಾ" ಎಂದು ಬೈದು ಹೋದರು.

ಜಾಮೀನು ಸಿಕ್ಕಿತು, ಆದರೆ ಜಮೀನಿರುವವರೊಬ್ಬರು ಹೊಣೆ ನಿಲ್ಲಬೇಕಿತ್ತು. ಹನ್ನೊಂದು ವರ್ಷ ಹೋರಾಡಿ ಉಳಿಸಿಕೊಂಡ ನೆಲದ ಪಹಣಿ ಹಿಡಿದು ಓನರಮ್ಮ ಕಟಕಟೆಯ ಪಕ್ಕ ನಿಂತರು. ಜಡ್ಜು ಕೇಳಿದರು, "ಇವರು ನಿಮಗೆ ಏನಾಗಬೇಕು?"

"ಏಳ್ನೇ ನಂಬರ್ ಮನೇಲಿ ಬಾಡಿಗೆಗವ್ಳೆ ಸ್ವಾಮಿ."

"ಸಂಬಂಧಿಕರಲ್ಲ. ಓಡಿಹೋದರೆ ನಿಮ್ಮ ಜಮೀನಿಗೆ ತೊಂದರೆ, ಗೊತ್ತಾ?"

"ಓಡೋದ್ರೆ ನಾನೇ ಓಗಿ ಇಡ್ಕೊಂಡ್ ಬತ್ತೀನಿ. ಅವಳೂರ್ ಬಸ್ಸು ಎಲ್ ನಿಲ್ತದೆ ಅಂತ ಕೇಳಿ ಇಟ್ಕೊಂಡಿವ್ನಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಜಡ್ಜು ನಗು ತಡೆದುಕೊಂಡು ಸಹಿ ಹಾಕಿದರು.

ಆಮೇಲೆ ಬಂದ ಆರೋಪಪಟ್ಟಿಯಲ್ಲಿ ಡ್ರಮ್ಮು ಹೊರಗೆ ಹೋದ ದಿನಾಂಕವಿತ್ತು. ನನಗೆ ಆ ದಿನದ ಯಾವ ನೆನಪೂ ಇರಲಿಲ್ಲ. ವಕೀಲರು ಅದನ್ನು ಓದಿ ಹೇಳಿದ ಕೂಡಲೇ ಓನರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಅದು ನಮ್ಮೆಜಮಾನ್ರ ತಿಥಿ! ಆ ವರ್ಷ ಎಡೆ ಇಕ್ಕಲಿಲ್ಲ. ಇವಳ ಮೈಮೇಲೆ ಅಮ್ಮ ಎದ್ದಿತ್ತು. ಒಂಬತ್ತು ದಿನ ನಾನೇ ಇವಳ ಬಾಗಿಲಿಗೆ ಬೇವು ಕಟ್ಟಿ ಆಚೆಗ್ ಬಿಡಲಿಲ್ಲ. ಡ್ಯೂಟಿಗೆ ಎಲ್ ಓದ್ಲು?"

ವಕೀಲರು ಪೆನ್ನು ಕೆಳಗಿಟ್ಟರು. "ನೆನಪಷ್ಟೇ ಸಾಲದಮ್ಮ, ಕಾಗದ ಬೇಕು."

ಓನರಮ್ಮ ಕಾಗದ ತಂದರು. ಆಗ ನನಗೆ ಸೀತಾಳೆ ಸಿಡುಬಿಗೆ ಔಷಧ ಕೊಟ್ಟಿದ್ದ ಬೊಮ್ಮಸಂದ್ರದ ಡಾಕ್ಟರ ಕ್ಲಿನಿಕ್ಕಿಗೆ ದಿನಾ ಹೋಗಿ ಕೂತು, ಹಳೆಯ ನೋಟ್‌ಬುಕ್ ಹುಡುಕಿಸಿ, ನನ್ನ ಹೆಸರಿದ್ದ ಪುಟ ಸಿಗುವವರೆಗೂ ಏಳಲಿಲ್ಲ. ವಕೀಲರು ಕೋರ್ಟಿನ ಮೂಲಕ ಕಾರ್ಖಾನೆಯ ಹಾಜರಿ ದಾಖಲೆ ತರಿಸಿದರು. ಅದರಲ್ಲೂ ಅಂದು ನಾನು ರಜೆ. ನಾನಿಲ್ಲದ ದಿನ ನನ್ನ ಸಹಿ ಬಿದ್ದಿತ್ತು.

ವಿಚಾರಣೆ ಮುಗಿಯುವ ಹೊತ್ತಿಗೆ ನಾಲ್ಕು ವರ್ಷವಾಯಿತು. ನಮ್ಮ ಕಡೆಯ ಸಾಕ್ಷಿಯಾಗಿ ಓನರಮ್ಮನನ್ನು ಕರೆದರು. ಸರ್ಕಾರದ ವಕೀಲರು ಎದ್ದು, "ಇಷ್ಟು ವರ್ಷದ ಹಿಂದಿನ ಒಂದು ದಿನ ನಿಮಗೆ ಸರಿಯಾಗಿ ನೆನಪಿದೆ ಅಂತೀರಲ್ಲ, ಯಾರು ಹೇಳಿಕೊಟ್ರು?" ಎಂದು ಕೇಳಿದರು.

"ಗಂಡ ಸತ್ತ ದಿನ ಯಾರಾನಾ ಯೋಳ್ಕೊಡ್ಬೇಕಾ ಸ್ವಾಮಿ?"

ಜಡ್ಜು ಆ ಮಾತನ್ನು ಹಾಗೆಯೇ ಟೈಪು ಮಾಡಿಸಿದರು. ನನ್ನ ಮೇಲೆ ಹೊರಿಸಿದ್ದ ಆರೋಪ ಸಾಬೀತಾಗಲಿಲ್ಲ. ಬಿಡುಗಡೆಯಾಯಿತು. ಆ ಸಹಿ ಯಾರದೆಂದು ಪತ್ತೆ ಹಚ್ಚಲು ಕಾರ್ಖಾನೆಯವರ ಮೇಲೆ ಮತ್ತೆ ತನಿಖೆ ಶುರುವಾಯಿತು.

ಆ ನಾಲ್ಕು ವರ್ಷ ನಾನು ಓನರಮ್ಮನ ಊರಿನ ಹಿಂದಿನ ಓಣಿಯಲ್ಲೇ ತಲೆ ತಗ್ಗಿಸಿ ಓಡಾಡಿದ್ದೆ. ತೀರ್ಪಿನ ದಿನ ಬಸ್ಸಿಳಿದು ಅಭ್ಯಾಸದಂತೆ ಆ ಕಡೆ ತಿರುಗಿದಾಗ ಓನರಮ್ಮ ತೋಳು ಹಿಡಿದು ನಿಲ್ಲಿಸಿದರು. "ಅಲ್ಲಲ್ಲ, ಇಲ್ಲಿ." ದೊಡ್ಡ ಬೀದಿಯಲ್ಲಿ ನಡೆಸಿಕೊಂಡು ಹೋದರು. ಹಾಲಿನ ಡೈರಿ ಮುಂದೆ ನಿಂತರು, ಅರಳಿಕಟ್ಟೆಯಲ್ಲಿ ನಿಂತರು, ಹನ್ನೊಂದು ವರ್ಷ ತಾವು ಜಗಳವಾಡಿದ ದಾಯಾದಿಗಳ ಮನೆ ಮುಂದೆಯೂ ನಿಂತರು. ಎಲ್ಲ ಕಡೆ ಒಂದೇ ಮಾತು: "ನಮ್ಮುಡುಗಿ ಕೇಸ್ ಗೆದ್ಕೊಂಡ್ ಬಂದವ್ಳೆ." ಅವರ ಪಕ್ಕದಲ್ಲಿ ನಡೆಯುತ್ತ ನಾನೂ ಅವರಷ್ಟೇ ಎತ್ತರವಿದ್ದೇನೆ ಅನ್ನಿಸಿತು.

ಮರುವರ್ಷ ಸುಗ್ಗಿಯ ಹೊತ್ತಿನಲ್ಲಿ, ಬೆಳಗಿನ ಬಿಸಿಲಿಗೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಂತೆ ಓನರಮ್ಮ ಹೋಗಿಬಿಟ್ಟರು. ನನ್ನ ಅಣ್ಣ ಆ ವಾರ ನನ್ನನ್ನು ನೋಡಲು ಬಂದಿದ್ದ. ಅವರ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಪರವೂರಿನವನೆಂದು ಅಣ್ಣ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದ.

ಹಿಂದಿರುಗುವಾಗ ಕೇಳಿದ, "ಬಾಡಿಗಿ ಮನಿಯಾಕಿ ಸತ್ತದ್ದಕ್ಕ ಹಿಂಗ್ಯಾಕ ಅಳಾಕತ್ತಿ?"

ಆಗ ಹೇಳಿದೆ. ನೋಟೀಸು, ಜೈಲು, ಪಹಣಿ, ನಾಲ್ಕು ವರ್ಷ. ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೋದಂತೆ ನನ್ನ ದನಿ ಗಟ್ಟಿಯಾಯಿತೇ ಹೊರತು ತಗ್ಗಲಿಲ್ಲ. ಅಣ್ಣ ದೊಡ್ಡ ಬೀದಿಯ ತಿರುವಿನಲ್ಲಿ ನಿಂತ. ಚಪ್ಪಲಿ ಬಿಟ್ಟ.

"ತಡಿ" ಅಂದ. "ನಾ ಮಣ್ಣ ಹಾಕಿ ಬಂದಿಲ್ಲ."

ಬರಿಗಾಲಿನಲ್ಲಿ ಹೊಲದ ಕಡೆಗೆ ತಿರುಗಿ ನಡೆದ.